ಹಣೆಯ ಮೇಲೆ, ಬಲಗೈಯ ಮೇಲೆ

ವನದುರ್ಗ
೮ ಜೂನ್ ೨೦೨೫

ತಮ್ಮ ಭೀಮೇಶನಿಗೆ,

ನಿನ್ನ ಅಕ್ಕ ಪರಿಮಳಾ ಬರೆಯುವ ಕಾಗದ. ಕರ್ತನಿಗೆ ಸ್ತೋತ್ರ. ನಾವು ಇಲ್ಲಿ ಕ್ಷೇಮ.

ಫೋನ್ ಹಚ್ಚಿ ಹಚ್ಚಿ ನಿನಗೆ ಸಿಟ್ಟು ನೆತ್ತಿಗೇರಿರಬೇಕು. ಇನ್ನು ಹಚ್ಚಬೇಡ. ಫೋನನ್ನು ನಾನು ಬಿಟ್ಟುಬಿಟ್ಟೆ. ನಂಬರಿಲ್ಲದೆ ಯಾರೂ ಕೊಳ್ಳಲಾರದ, ಮಾರಲಾರದ ಕಾಲ ಬರುತ್ತದೆ ಎಂದು ಸತ್ಯವೇದದ ಕಡೇ ಭಾಗದಲ್ಲಿ ಇದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತದೆ ಅಕ್ಕಿ ಕೊಡುತ್ತಾರೇನು? ಕಿರಾಣಿ ಅಂಗಡಿಯವನು ಸಹ ಫೋನ್ ತೋರಿಸು ಅನ್ನುತ್ತಾನೆ. ಎಲ್ಲ ಕಣ್ಣ ಮುಂದೆ ನಡೆಯುತ್ತಿದೆ. ನಮ್ಮ ಸಭೆಯ ಪಾಸ್ಟರ್ ದೇವಿಂದ್ರ ಅವರು ಫೋನ್ ಬಿಡಿ ಎನ್ನಲಿಲ್ಲ, ಇಟ್ಟುಕೊಳ್ಳಿ ಎಂದೂ ಅನ್ನಲಿಲ್ಲ. ನನ್ನ ಮನಸ್ಸಿಗೇ ಅದು ಬೇಡವೆನಿಸಿತು. ನಿಮ್ಮ ಭಾವ ತಾಯಪ್ಪ ಸುರಪುರದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋದವರು ವಾರಕ್ಕೊಮ್ಮೆ ಬರುತ್ತಾರೆ. ಅವರಂತೂ ನನ್ನನ್ನು ಹುಚ್ಚಿ ಎಂದರು. ಅನ್ನಲಿ.

ಈಗ ಮುಖ್ಯ ಮಾತು. ಅವ್ವ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಎಂದಿದ್ದಾಳೆ. ನಾನು ಒತ್ತಾಯ ಮಾಡಿಲ್ಲ, ನನ್ನ ಮೇಲೆ ಗೂಬೆ ಕೂರಿಸಬೇಡ. ಅಪ್ಪ ಹೋದ ಮೇಲೆ ನನ್ನ ಮನೆಗೆ ಬಂದವಳು ಒಂದು ವರ್ಷ ಸಭೆಯ ಬಾಗಿಲ ಹೊರಗೇ ಕೂತಿದ್ದಳು. ಈಗ ತಾನಾಗಿ ಒಳಗೆ ಬಂದಿದ್ದಾಳೆ. ದೀಪಾವಳಿ ಮುಗಿದ ಮೇಲೆ ಕಾಲುವೆಯಲ್ಲಿ ಸ್ನಾನ. ನೀನು ಬರಬೇಕು ಎಂದು ಅವಳ ಆಸೆ.

ನಾನು ಸ್ನಾನ ತೆಗೆದುಕೊಂಡ ದಿನ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಹೋದವನು ನೀನು. ಯಾದಗಿರಿ ಏನು ದೂರವೇ? ನೀನು ಹೆಸರು ಬದಲಿಸಿ ಬುದ್ಧಪ್ರಿಯ ಆದಾಗ ನಾನೇನಾದರೂ ಅಂದೆನೇ? ಕರೆಯಲು ನಾಲಿಗೆ ತಿರುಗುವುದಿಲ್ಲ, ಅಷ್ಟೇ.

ಬರೆಯುವಾಗ ನೋಡಿ ಬರೆ. ನಿನ್ನ ಕಾಗದ ಬಂತೆಂದರೆ ಅವ್ವನ ಮುಂದೆ ಕೂತು ಪೂರ್ತಿ ಓದಬೇಕು. ಒಂದು ಸಾಲು ಹಾರಿಸಿದರೂ ಅವಳಿಗೆ ಹೇಗೋ ಗೊತ್ತಾಗುತ್ತದೆ.

ನಿನ್ನ ಅಕ್ಕ,
ಪರಿಮಳಾ

* * *

ಯಾದಗಿರಿ
೧೯ ಜೂನ್ ೨೦೨೫

ಅಕ್ಕಾ, ಜೈಭೀಮ್.

ಕಾಗದ ಮುಟ್ಟಿತು. ಕೋರ್ಟಿನ ವಿಳಾಸಕ್ಕೆ ಬಂದ ಕಾಗದವನ್ನು ನಮ್ಮ ಜವಾನ ಯಾವುದೋ ದಾವೆಯ ಫೈಲಿಗೆ ಸೇರಿಸಿಬಿಟ್ಟಿದ್ದ. ನಿನ್ನ ಪುಣ್ಯ, ಸಾಹೇಬರ ಮುಂದೆ ಹೋಗಲಿಲ್ಲ.

ಅವ್ವ ಎಲ್ಲಿ ಬೇಕಾದರೂ ಮುಳುಗಿ ಏಳಲಿ, ಅದು ಅವಳ ಹಕ್ಕು. ನನ್ನ ತಕರಾರು ಈ ಕಡೇ ಕಾಲದ ಭವಿಷ್ಯದ ಮೇಲೆ. ನಾನು ಗುಮಾಸ್ತ. ದಿನವಿಡೀ ಅರ್ಜಿ ತೆಗೆದುಕೊಳ್ಳುವವನು. ಯಾವ ಊರು, ಯಾವ ದಿನ, ಯಾರ ಮೇಲೆ ಎಂದು ಬರೆಯದ ಅರ್ಜಿಯನ್ನು ಟೇಬಲ್ಲಿನ ಮೇಲೆ ಇಡಲೂ ಬಿಡುವುದಿಲ್ಲ. ನಿಮ್ಮ ಭವಿಷ್ಯದಲ್ಲಿ ಈ ಮೂರರಲ್ಲಿ ಒಂದಾದರೂ ಇದೆಯೇ? ಯುದ್ಧವಾಗುತ್ತದೆ ಅಂತೀರಿ. ಯುದ್ಧವಿಲ್ಲದ ವರ್ಷ ಯಾವುದು? ಬರ ಬರುತ್ತದೆ ಅಂತೀರಿ. ನಮ್ಮ ಜಿಲ್ಲೆಯಲ್ಲಿ ಕೂತು ಈ ಮಾತನ್ನು ಯಾರು ಬೇಕಾದರೂ ಹೇಳಬಹುದು, ಅದಕ್ಕೆ ಪ್ರವಾದಿಯೇ ಬೇಕಿಲ್ಲ. ಭೂಮಿ ನಡುಗುತ್ತದೆ, ಮಕ್ಕಳು ತಂದೆತಾಯಿಯ ಮಾತು ಕೇಳುವುದಿಲ್ಲ. ಯಾವಾಗ ಕೇಳಿದ್ದರು? ಹೀಗೆ ಹೇಳಿದ ಮಾತು ಯಾವತ್ತೂ ಸುಳ್ಳಾಗುವುದಿಲ್ಲ. ಸುಳ್ಳಾಗಲು ಜಾಗವೇ ಇಲ್ಲದ ಮಾತನ್ನು ನಿಜ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅಪ್ಪನ ನೆನಪಾಯಿತು. ತಿಂಥಣಿ ಕಡೆಯಿಂದ ಕಾಲಜ್ಞಾನ ಹೇಳುವವರು ಬಂದರೆ ನಮ್ಮಪ್ಪ ಮರಿಲಿಂಗಪ್ಪನವರು ಕೂಲಿ ಬಿಟ್ಟು ಅವರ ಮುಂದೆ ಕೂಡುತ್ತಿದ್ದರಲ್ಲ! ಗೌಡರ ಮನೆಗೆ ರೇಡಿಯೋ ಬಂದಾಗ, "ನೋಡ್ರಿ, ಗ್ವಾಡಿ ಮಾತಾಡ್ತಾವ ಅಂತ ಹೇಳಿದ್ರಿಲ್ಲೊ?" ಅಂದರು. ಟಿವಿ ಬಂದಾಗಲೂ ಅದೇ. ನನ್ನ ಕೈಯಲ್ಲಿ ಮೊಬೈಲ್ ಕಂಡಾಗ ಅಲ್ಲಿ ಗೋಡೆಯೇ ಇರಲಿಲ್ಲ, ಆದರೂ ಅದೇ. ಪಾಪ, ಆ ಒಂದು ಮಾತಿಗೆ ಮೂರು ಸಲ ನಿಜವಾಗುವ ಕೆಲಸ ಬಿತ್ತು. ನಿನ್ನ ಪಾಸ್ಟರ್ ಅಪ್ಪನಿಗಿಂತ ಹೊಸದೇನು ಹೇಳುತ್ತಾರೆ?

ಇದನ್ನೆಲ್ಲ ಅವ್ವನಿಗೂ ಓದು. ಅವಳು ನಮ್ಮಿಬ್ಬರಿಗಿಂತ ಜಾಣೆ.

ಅವ್ವನ ಮೊಣಕಾಲು ಹೇಗಿದೆ? ಇಲ್ಲಿ ಕೆಲಸ ಬಹಳ. ಲಗೂನೇ ಬರುತ್ತೇನೆ ಎಂದು ಹೇಳು.

ನಿನ್ನ ತಮ್ಮ,
ಬುದ್ಧಪ್ರಿಯ

* * *

ವನದುರ್ಗ
೨ ಜುಲೈ ೨೦೨೫

ತಮ್ಮ ಭೀಮೇಶನಿಗೆ ಸ್ತೋತ್ರ.

ಅಪ್ಪನ ಮಾತು ಓದಿದಾಗ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಖರೇ ಅದ, ಹಂಗs ಅಂತಿದ್ದ" ಅಂದಳು. ಅಷ್ಟಕ್ಕೆ ನೀನು ಗೆದ್ದೆ ಎಂದು ಉಬ್ಬಬೇಡ.

ದಿನ ತುಂಬಿದ ಬಸುರಿಯ ಮನೆಯಲ್ಲಿ ಸೂಲಗಿತ್ತಿ ತಾರೀಖು ಹೇಳುತ್ತಾಳೇನು? ನೀರು ಕಾಯಿಸಿಡು, ಹಳೇ ಸೀರೆ ತೆಗೆದಿಡು ಅನ್ನುತ್ತಾಳೆ. ಅವಳ ಮಾತಿನಲ್ಲಿ ದಿನವಿಲ್ಲ ಎಂದು ಯಾರೂ ಒಲೆ ಆರಿಸಿ ಮಲಗುವುದಿಲ್ಲ. ನಮಗೆ ಹೇಳಿದ್ದೂ ಅಷ್ಟೇ, ಎಚ್ಚರವಾಗಿರಿ ಅಂತ. ನೀನೂ ಕಾಗದದ ಕೊನೆಗೆ ಲಗೂನೇ ಬರುತ್ತೇನೆ ಎಂದು ಬರೆದಿದ್ದೀಯ. ಅದರಲ್ಲಿ ತಾರೀಖು ಎಲ್ಲಿದೆ ಗುಮಾಸ್ತ ಸಾಹೇಬರೇ? ಅವ್ವ ಮಾತ್ರ ಅದನ್ನು ನಂಬಿ ಶೇಂಗಾ ಹುರಿದಿಟ್ಟಿದ್ದಾಳೆ.

ಅವಳು ಯಾಕೆ ಸಭೆಯ ಒಳಗೆ ಬಂದಳು ಎಂಬುದನ್ನು ನಿನಗೆ ಹೇಳಿಯೇಬಿಡುತ್ತೇನೆ. ನಮ್ಮಿಬ್ಬರ ನಡುವೆ ಹುಟ್ಟಿದ ಭಾಗ್ಯಾಳಿಗಾಗಿ. ನಿನಗೆ ಅವಳ ನೆನಪಿಲ್ಲ, ನೀನಿನ್ನೂ ತೊಟ್ಟಿಲಲ್ಲಿದ್ದೆ. ಜ್ವರ ಬಂದು ಹೋದಳು. ಒಂದು ಫೋಟೋ ಇಲ್ಲ. ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು, ಆ ಹೊಲವೂ ಈಗ ಬೇರೆಯವರದು, ಬದುವೂ ಇಲ್ಲ. ಸತ್ತವರು ಕಡೇ ದಿನ ಎದ್ದು ಬರುತ್ತಾರೆ ಎಂದು ಪಾಸ್ಟರ್ ಓದಿದ ದಿನ ಅವ್ವ ಎದ್ದು ನಿಂತು ಎಲ್ಲರ ಮುಂದೆ ಕೇಳಿದಳು. "ಸಣ್ಣ ಕೂಸುಗೋಳೂ ಏಳ್ತಾವೇನ್ರಿ?" ಏಳುತ್ತವೆ ಎಂದರು. ಆ ದಿನದಿಂದ ಅವಳ ಮುಖವೇ ಬೇರೆಯಾಗಿದೆ. ರೊಟ್ಟಿ ಬಡಿಯುವಾಗ ಹಾಡು ಹೇಳುತ್ತಾಳೆ. ಅಪ್ಪ ಹೋದ ಮೇಲೆ ಅವಳ ಹಾಡು ನಾನು ಕೇಳಿರಲಿಲ್ಲ. ಇದನ್ನು ಅರ್ಥವಿಲ್ಲದ್ದು ಎನ್ನುತ್ತೀಯಾ?

ಎಲ್ಲ ಅಸ್ಪಷ್ಟ ಅಂತೀಯಲ್ಲ, ಇದಕ್ಕೆ ಉತ್ತರ ಕೊಡು. ಕಡೇ ಕಾಲದಲ್ಲಿ ಎದ್ದು ಬಂದು ಜನರಿಗೆ ನಂಬರು ಹಾಕುವ ಮೃಗದ ಗುರುತು ಇದ್ದವರಿಗೆ ಕರ್ತನ ರಾಜ್ಯದಲ್ಲಿ ಪಾಲಿಲ್ಲ. ಗುರುತು ಎಲ್ಲಿರುತ್ತದೆ? ಹಣೆಯ ಮೇಲೆ, ಇಲ್ಲವೇ ಬಲಗೈಯ ಮೇಲೆ. ನಿಮ್ಮ ಕೋರ್ಟಿನ ಮೊಹರಿನಷ್ಟು ಸ್ಪಷ್ಟವಾಗಿ ಜಾಗ ತೋರಿಸಿದೆ. ಎಡಗೈ ಎಂದಿಲ್ಲ, ಬೆನ್ನು ಎಂದಿಲ್ಲ. ಇದರಲ್ಲಿ ಏನು ಮಸುಕಿದೆ?

ನಿನ್ನ ಅಕ್ಕ,
ಪರಿಮಳಾ

* * *

ಯಾದಗಿರಿ
೧೪ ಜುಲೈ ೨೦೨೫

ಅಕ್ಕಾ, ಜೈಭೀಮ್.

ಸೂಲಗಿತ್ತಿಯ ಮಾತು ಚೆನ್ನಾಗಿತ್ತು, ನಮ್ಮ ವಕೀಲರಲ್ಲಿ ಅರ್ಧ ಮಂದಿಗೆ ಇಂಥದ್ದು ಹೊಳೆಯುವುದಿಲ್ಲ. ಆದರೆ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ಹೇಳುತ್ತಾಳೆ. ಎರಡು ಸಾವಿರ ವರ್ಷದಿಂದ ನೀರು ಕಾಯಿಸುತ್ತಲೇ ಇರು ಎನ್ನುವುದಿಲ್ಲ.

ಭಾಗ್ಯಾಳ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಅದು ಅವ್ವನದು.

ಆ ಗುರುತಿನ ಮಾತಿಗೆ ಬರುತ್ತೇನೆ. ಇದನ್ನು ಓದಿದ ಕೂಡಲೇ ನನಗೆ ನಗು ತಡೆಯಲಾಗಲಿಲ್ಲ, ಪಕ್ಕದ ಟೇಬಲ್ಲಿನ ಖಾಜಾಹುಸೇನ ಏನಾಯಿತು ಎಂದು ಎದ್ದು ಬಂದ. ಹಣೆಯ ಮೇಲೆ, ಬಲಗೈಯ ಮೇಲೆ. ಅಷ್ಟು ಸ್ಪಷ್ಟ ಅಲ್ಲವೇ? ಹಾಗಾದರೆ ಆರೋಪಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ ಅಕ್ಕಾ. ನಿನ್ನ ಅಡುಗೆಮನೆಯಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ಶ್ರೀಮತಿ ದೇವಕಮ್ಮ, ಗಂಡ ಮರಿಲಿಂಗಪ್ಪ. ಹಣೆಯ ನಡುವೆ ಹಸಿರು ಹಚ್ಚೆ ಚುಕ್ಕಿ, ಬಲಗೈಯ ಮೇಲೆ ಹಚ್ಚೆ ಚೇಳು. ಎರಡೂ ಜಾಗ ಭರ್ತಿ! ಮೃಗ ಬೇರೆ ಯಾಕೆ, ಚೇಳೇ ಕೂತಿದೆ. ಹಿಡಿದು ಪಾಸ್ಟರಿಗೆ ಒಪ್ಪಿಸು.

ನಮ್ಮ ಕೇರಿಯ ಮುದುಕಿಯರೆಲ್ಲ ಹೀಗೇ ಸಿಕ್ಕಿಬೀಳುತ್ತಾರೆ. ಅಂಬವ್ವ, ಮರಿಲಿಂಗಮ್ಮ, ಅವರ ಅತ್ತೆಯರು, ಒಬ್ಬರನ್ನೂ ಬಿಡುವ ಹಾಗಿಲ್ಲ. ಅದಕ್ಕೇ ನಾನು ಹೇಳುವುದು. ಫೋನಿಗೂ ಹೊಂದುವ, ರೇಷನ್ ಅಂಗಡಿಗೂ ಹೊಂದುವ, ನಮ್ಮ ಅವ್ವನ ಹಚ್ಚೆಗೂ ಹೊಂದುವ ಮಾತು ಯಾವುದನ್ನೂ ಹೇಳಿದ ಹಾಗಾಗಲಿಲ್ಲ. ಇದಕ್ಕೆ ಜವಾಬು ಕೊಡು ನೋಡೋಣ.

ಈ ಭಾಗವನ್ನು ಅವ್ವನಿಗೆ ಜೋರಾಗಿ ಓದು. ನಕ್ಕು ಸಾಕಾಗಬೇಕು ಅವಳಿಗೆ.

ನಿನ್ನ ತಮ್ಮ,
ಬುದ್ಧಪ್ರಿಯ

* * *

ವನದುರ್ಗ
೧ ಆಗಸ್ಟ್ ೨೦೨೫

ತಮ್ಮನಿಗೆ,

ಕಾಗದ ಮುಟ್ಟಿತು. ಮಳೆ ಹತ್ತಿಕೊಂಡಿದೆ, ಹೊಲಿಗೆ ಮಷೀನಿನ ಮೇಲೆ ಸೋರುತ್ತದೆ. ಬೇರೇನೂ ವಿಶೇಷವಿಲ್ಲ.

ಅವ್ವ ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ. ಎರಡು ದಿನದಿಂದ ಸಭೆಗೂ ಬಂದಿಲ್ಲ. ತಲೆ ಭಾರ ಅನ್ನುತ್ತಾಳೆ.

ಒಂದು ಮಾತು ಕೇಳಬೇಕಿತ್ತು. ಇಲ್ಲಿ ಒಬ್ಬ ಹೆಣ್ಣುಮಗಳು ಕೇಳುತ್ತಿದ್ದಾಳೆ. ಹಚ್ಚೆ ತೆಗೆಯುವ ಮಷೀನು ಇರುತ್ತದಂತೆ, ನೋವಾಗದಂತೆ ತೆಗೆಯುತ್ತಾರಂತೆ, ಹೌದೇ? ಯಾದಗಿರಿ ಆಸ್ಪತ್ರೆಯಲ್ಲಿ ಇದೆಯೇ? ವಯಸ್ಸಾದವರಿಗೂ ಮಾಡುತ್ತಾರೆಯೇ? ಲಗೂನೆ ತಿಳಿಸು.

ಪರಿಮಳಾ

* * *

ಯಾದಗಿರಿ
೧೧ ಆಗಸ್ಟ್ ೨೦೨೫

ಅಕ್ಕಾ, ಜೈಭೀಮ್.

ಇಷ್ಟು ಚಿಕ್ಕ ಕಾಗದ ಯಾಕೆ? ನನ್ನ ಪ್ರಶ್ನೆಗೆ ಜವಾಬೂ ಇಲ್ಲ. ನಮ್ಮಲ್ಲಿ ಎದುರುದಾರ ಸುಮ್ಮನಿದ್ದರೆ ಒಪ್ಪಿಕೊಂಡ ಎಂದೇ ಲೆಕ್ಕ. ನಿನ್ನನ್ನು ಸೋಲಿಸಿದ್ದು ಇದೇ ಮೊದಲು, ಖಾಜಾಹುಸೇನನಿಗೆ ಚಹಾ ಕುಡಿಸಿದೆ.

ಅವ್ವನಿಗೆ ಜಂಡು ಬಾಮ್ ಕಳಿಸುತ್ತಿದ್ದೇನೆ. ರಾತ್ರಿ ಮಲಗುವಾಗ ಹಣೆಗೆ ಚೆನ್ನಾಗಿ ತಿಕ್ಕು. ಮಳೆಯ ಥಂಡಿಗೆ ಹಾಗಾಗುತ್ತದೆ.

ಹಚ್ಚೆ ತೆಗೆಯುವ ಮಷೀನು ಇಲ್ಲಿಲ್ಲ, ಕಲಬುರಗಿಯಲ್ಲಿ ಇದೆಯಂತೆ. ಹಲವು ಸಲ ಹೋಗಬೇಕಾಗುತ್ತದೆ. ಯಾರದು? ಕೈ ಮೇಲೆ ಒಬ್ಬನ ಹೆಸರು ಬರೆಸಿಕೊಂಡು ಇನ್ನೊಬ್ಬನನ್ನು ಮದುವೆಯಾದವಳೇ? ವಯಸ್ಸಾದವರು ಅಂದಿದ್ದೀಯ, ಹಾಗಾದರೆ ಇನ್ನೂ ಮಜಾ. ಈ ವಯಸ್ಸಿನಲ್ಲಿ ಅವಳಿಗೆ ಯಾರ ಅಂಜಿಕೆ?

ಹಬ್ಬದ ರಜೆಯಲ್ಲಿ ಬರಲು ಪ್ರಯತ್ನಿಸುತ್ತೇನೆ.

ಬುದ್ಧಪ್ರಿಯ

* * *

ಯಾದಗಿರಿ
೨೩ ಆಗಸ್ಟ್ ೨೦೨೫

ಪರಿಮಳಾ,

ನಿಮ್ಮ ಪಕ್ಕದ ಮನೆಯ ಚಮನಬೀಯವರ ಮಗ ಫಿರೋಜ್ ಇವತ್ತು ಜಾಮೀನು ಕೆಲಸಕ್ಕೆ ಕೋರ್ಟಿಗೆ ಬಂದಿದ್ದ. ನನ್ನನ್ನು ಕಂಡವನೇ, "ಅಣ್ಣಾ, ಅಮ್ಮನ ಹಣಿ ಈಗ ಹ್ಯಾಂಗದ?" ಎಂದು ಕೇಳಿದ. ತಲೆನೋವು ಕಡಿಮೆಯಾಗಿರಬೇಕು ಅಂದೆ. "ತಲಿನೋವಲ್ಲಣ್ಣಾ. ಸುಟ್ಟದ. ಕೀವು ಹಿಡಿದಿತ್ತು. ನಮ್ಮ ಅಮ್ಮೀನs ಟಂಟಂ ಆಟೋ ಮಾಡಿ ಶಹಾಪುರ ದವಾಖಾನಿಗೆ ಒಯ್ದಿದ್ಲು. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿಲ್ಲ. ಸುಟ್ಟ ಗಾಯಕ್ಕೆ ಬಾಮ್ ತಿಕ್ಕು ಎಂದು ಬರೆದ ಮಗ ನಾನು. ಆ ಡಬ್ಬಿ ಮುಟ್ಟಿದಾಗ ನಿನಗೆ ಏನನ್ನಿಸಿತು? ಒಂದು ಸಾಲು ಬರೆಯಲು ಆಗಲಿಲ್ಲವೇ?

ಹಚ್ಚೆಯನ್ನು ಸುಡಬೇಕು ಎಂದು ಅವಳ ತಲೆಯಲ್ಲಿ ತುಂಬಿದ್ದು ಆ ಪಾಸ್ಟರೇ ತಾನೆ? ನನಗೆ ಹೆಸರು ಹೇಳು, ದಿನ ಹೇಳು, ಸಾಕ್ಷಿ ಯಾರೆಂದು ಹೇಳು. ಫಿರ್ಯಾದು ನಾನೇ ಬರೆಯುತ್ತೇನೆ. ಅವನನ್ನು ಕಟಕಟೆಗೆ ಹತ್ತಿಸದಿದ್ದರೆ ನಾನು ಅವ್ವನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ.

ಯಾರು ಹೇಳಿದರು ಅವಳಿಗೆ, ಅದನ್ನು ಬರೆ.

ಬುದ್ಧಪ್ರಿಯ

* * *

ವನದುರ್ಗ
೩೦ ಆಗಸ್ಟ್ ೨೦೨೫

ತಮ್ಮಾ,

ನೀನು ಹೇಳಿದೆ.

ಇದನ್ನು ಬರೆಯಬಾರದೆಂದೇ ಇಷ್ಟು ದಿನ ಸುಮ್ಮನಿದ್ದೆ. ಜುಲೈದಲ್ಲಿ ಬಂದ ನಿನ್ನ ಕಾಗದವನ್ನು ನೀನು ಹೇಳಿದಂತೆ ಜೋರಾಗಿಯೇ ಓದಿದೆ. ಓದುತ್ತ ನನಗೂ ನಗು ಬಂತು, ನೀನು ಬರೆಯುವುದೇ ಹಾಗೆ. ಆರೋಪಿ, ಶ್ರೀಮತಿ ದೇವಕಮ್ಮ ಎಂದು ಓದಿ ತಲೆ ಎತ್ತಿದರೆ ಅವ್ವ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೆಳಗಿಟ್ಟಿದ್ದಳು. ನಾನು ನಿಲ್ಲಿಸಿದೆ. "ಮುಂದ ಓದು" ಅಂದಳು. ಪೂರ್ತಿ ಓದಿಸಿಕೊಂಡಳು. ಆಮೇಲೆ ಕನ್ನಡಿ ತರಹೇಳಿದಳು.

"ಅವ್ವಾ, ಚೇಷ್ಟಿಗೆ ಬರದಾನ" ಅಂದೆ.

"ಚೇಷ್ಟಿ ಇರಬಹುದು. ಚುಕ್ಕಿ ಅಂತೂ ಖರೇ ಅದ. ಅಂವ ಕೋರ್ಟಿನಾಗ ಇರಾಂವ, ಇಲ್ಲದ್ದು ಬರಿಯಾಂಗಿಲ್ಲ" ಅಂದಳು.

ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಜಾಗ ಸ್ಪಷ್ಟವಾಗಿದೆ ಎಂದು ನಿನ್ನ ಜೊತೆ ಹಟ ಮಾಡಿದವಳು ನಾನೇ ಅಲ್ಲವೇ? ಮರುದಿನ ಪಾಸ್ಟರನ್ನು ಕೇಳಿದೆ. ಅವರು ಸುಡು ಎನ್ನಲಿಲ್ಲ, ಅವರ ಮೇಲೆ ಸುಳ್ಳು ಹೊರಿಸಬೇಡ. "ಇರಬಹುದು, ಇರಲಿಕ್ಕಿಲ್ಲ. ಪ್ರಾರ್ಥನೆ ಮಾಡೂಣು" ಅಂದರು. ಅಲ್ಲ ಎಂಬ ಒಂದು ಮಾತಿಗೆ ನಾನು ಹೋಗಿದ್ದೆ. ಅವರು ಒಳ್ಳೆಯವರು, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಿಲ್ಲ. ಆದರೆ ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಇರಬಹುದು ಎಂಬುದಷ್ಟೇ ಅವಳ ಕಿವಿಗೆ ಬಿತ್ತು.

ನಾನು ಹೊಲಿದ ಕುಪ್ಪಸ ಕೊಟ್ಟುಬರಲು ಹೋದಾಗ ಮಾಡಿಕೊಂಡಳು. ಎಲೆ ಅಡಿಕೆಯ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ ಹಣೆಗೆ ಹಚ್ಚಿ, ಮೇಲೆ ಬಟ್ಟೆ ಬಿಗಿದು ಕೂತಿದ್ದಳು. ಹಿಂದಿನವರು ಹೀಗೇ ತೆಗೆಯುತ್ತಿದ್ದರಂತೆ. ನಾನು ಬಂದಾಗ ಗೋಡೆಗೆ ಒರಗಿ ಹಲ್ಲು ಕಚ್ಚಿಕೊಂಡಿದ್ದಳು, ಕೂಗಲಿಲ್ಲ. ಗಾಯ ಎಂದು ನಿನಗೆ ಬರೆಯಲು ಕೈ ಬರಲಿಲ್ಲ. ನೀನು ಪೊಲೀಸರನ್ನು ಕರೆತರುತ್ತೀ ಎಂಬ ಅಂಜಿಕೆ ಒಂದು. ನನ್ನ ಸಭೆಯ ಮರ್ಯಾದೆ ಒಂದು. ಮಷೀನಿನಲ್ಲಿ ತೆಗೆಸಿದರೆ ಕೈಯಾದರೂ ಉಳಿಯುತ್ತದೆ ಎಂದು ನಿನ್ನನ್ನು ಕೇಳಿದೆ. ನೀನು ಮಜಾ ಎಂದು ಬರೆದೆ. ಕೀವು ಹಿಡಿದಾಗಲೂ ಮನೆಮದ್ದು ಮಾಡುತ್ತ ಕೂತಿದ್ದೆ. ಚಮನಬೀ ಬಂದು ನೋಡಿ, "ಯಾ ಅಲ್ಲಾ, ಮಗಳಾಗಿ ಏನ್ ನೋಡ್ಕೋತ ಕುಂತೀಯೇ?" ಎಂದು ಬೈದು ಎಬ್ಬಿಸಿಕೊಂಡು ಹೋದಳು.

ಹಣೆ ಈಗ ಒಣಗುತ್ತಿದೆ. ಆದರೆ ಕೈ ಉಳಿದಿದೆ ಭೀಮು. ಹಣೆ ಮಾಯ್ದ ಕೂಡಲೇ ಕೈಗೆ ಹಚ್ಚುತ್ತೇನೆ ಅನ್ನುತ್ತಾಳೆ. ಸುಣ್ಣದ ಡಬ್ಬಿಯನ್ನು ಸಂಚಿಯಲ್ಲಿ ಇಟ್ಟುಕೊಂಡು ಮಲಗುತ್ತಾಳೆ. ಬೇಡ ಎಂದು ಕಾಲು ಹಿಡಿದೆ. ಏನಂದಳು ಗೊತ್ತೇ? "ಸತ್ತ ಮ್ಯಾಲ ಒಡವಿ ಎಲ್ಲಾ ಬಿಚ್ಚಕೊಂತಾರ, ಹಚ್ಚಿ ಒಂದs ಸಂಗಾಟ ಬರ್ತದ ಅಂತಿದ್ಲು ನಮ್ಮವ್ವ. ಅದಕ್ಕs ಹಾಕಿಸಿದ್ಲು. ಸಂಗಾಟ ಬಂದ್ರ ಅಲ್ಲಿ ಕಾಣ್ತದಲ್ಲ ಪರಿಮಳಾ. ಭಾಗ್ಯಾ ಎದ್ದು ಅವ್ವಾ ಅಂದಾಗ ನಾ ಬ್ಯಾರೆ ಕಡೆ ನಿಂತಿರಬೇಕೇನು?"

ನನ್ನ ಮಾತು ನಡೆಯುವುದಿಲ್ಲ. ನೀನು ಹೇಳಿದ್ದನ್ನು ನಂಬಿ ಸುಟ್ಟುಕೊಂಡವಳು, ನೀನು ಅಲ್ಲ ಅಂದರೆ ನಂಬುತ್ತಾಳೆ. ಅಲ್ಲ ಎಂದು ಬರೆ. ಸ್ಪಷ್ಟವಾಗಿ ಬರೆ. ಲಗೂನೆ ಬರೆ.

ನಿನ್ನ ಅಕ್ಕ

* * *

ಯಾದಗಿರಿ
೭ ಸೆಪ್ಟೆಂಬರ್ ೨೦೨೫

ಅಕ್ಕಾ,

ಬರಬೇಕೆಂದು ನಿನ್ನೆ ಬಸ್ ಸ್ಟ್ಯಾಂಡಿನವರೆಗೆ ಬಂದೆ. ಶಹಾಪುರದ ಬಸ್ಸು ನಿಂತಿತ್ತು. ಹತ್ತಲಾಗಲಿಲ್ಲ, ಮನೆಗೆ ವಾಪಸು ಬಂದೆ. ಆ ಕಾಗದವನ್ನು ಬರೆದವನು ನಾನು ಎಂಬುದು ಅವಳಿಗೆ ಗೊತ್ತಲ್ಲ. ಯಾವ ಮುಖ ಹೊತ್ತು ಒಳಗೆ ಬರಲಿ?

ಖಾಜಾಹುಸೇನನಿಗೆ ಪರಿಚಯದ ಚರ್ಚಿನವರೊಬ್ಬರಿಂದ ಪುಸ್ತಕ ತರಿಸಿ, ಕಡೇ ಭಾಗವನ್ನು ವಾರವಿಡೀ ಓದಿದೆ. ನಗಲು ಓದಲಿಲ್ಲ. ಕೆಳಗಿನದನ್ನು ಅವ್ವನಿಗೆ ಓದಿ ಹೇಳು.

ಅವ್ವಾ,

ನಿನ್ನ ಮಗ ಭೀಮು ಮಾತಾಡಾಕತ್ತೀನಿ. ನಾ ಅವತ್ತು ಬರದದ್ದು ಬರೇ ಚೇಷ್ಟಿ. ತಿಳೀದs ಮಾತಾಡಿದೆ. ಈಗ ಪುಸ್ತಕ ಪೂರಾ ಓದೀನಿ, ಓದಿ ಹೇಳಾಕತ್ತೀನಿ. ಮೃಗ ಗುರುತು ಹಾಕೂದು ಮುಂದ ಯಾವಾಗೋ, ತನ್ನ ಕಾಲು ಬಿದ್ದವರಿಗೆ. ನಿನಗ ಹಚ್ಚಿ ಹಾಕಿಸಿದಾಕಿ ನಿಮ್ಮವ್ವ, ನೀ ಸಣ್ಣ ಹುಡುಗಿ ಇದ್ದಾಗ. ಅದು ಇದಲ್ಲ. ಇನ್ನೊಂದು ಕೇಳು. ಅದs ಪುಸ್ತಕದಾಗ ದೇವರು ತನ್ನ ಮಂದಿಗೂ ಹಣೀ ಮ್ಯಾಲ ಮುದ್ರಿ ಒತ್ತತಾನ ಅಂತ ಅದ. ಆ ಮುದ್ರಿ ಇದ್ದವರನ್ನ ಯಾರೂ ಮುಟ್ಟಂಗಿಲ್ಲ. ನಿನ್ನ ಹಣೀ ಚುಕ್ಕಿ ಆ ಮುದ್ರಿ ಯಾಕ ಇರಬಾರದು? ಅದು ದೇವರು ಹಾಕಿದ್ದs ಅಂತ ತಿಳಕೊ. ಅದಕ್ಕ ಕೈ ಮ್ಯಾಗಿನ ಹಚ್ಚಿ ಮುಟ್ಟಬ್ಯಾಡ. ಸುಣ್ಣದ ಡಬ್ಬಿ ಅಕ್ಕನ ಕೈಯಾಗ ಕೊಡು. ನಿನ್ನ ಕಾಲು ಹಿಡೀತೀನಿ.

ಅಕ್ಕಾ, ಇದು ಸಾಕೆನಿಸುತ್ತದೆ. ಅವಳು ನಂಬುವ ಪುಸ್ತಕದಿಂದಲೇ ಎತ್ತಿ ಕೊಟ್ಟಿದ್ದೇನೆ, ಇದಕ್ಕೆ ಎದುರು ವಾದ ಇಲ್ಲ. ಒಂದಕ್ಷರವೂ ಬಿಡದಂತೆ ಓದು.

ನಿನ್ನ ತಮ್ಮ

* * *

ವನದುರ್ಗ
೧೫ ಸೆಪ್ಟೆಂಬರ್ ೨೦೨೫

ತಮ್ಮಾ,

ನಿನ್ನ ಕಾಗದವನ್ನು ಈ ಸಲ ಮೊದಲು ನಾನೊಬ್ಬಳೇ ಓದಿದೆ. ಹಿತ್ತಲಿನಲ್ಲಿ ನಿಂತು ಓದಿದೆ. ಅವ್ವನ ಮುಂದೆ ಓದಲಿಲ್ಲ.

ನೀನು ಬರೆದದ್ದು ಸತ್ಯವೇದದಲ್ಲಿ ಇದೆ, ನಾನೂ ತೆರೆದು ನೋಡಿದೆ. ಎಷ್ಟೋ ಸಲ ಓದಿದ್ದ ಸಾಲು, ಮೃಗದ ಗುರುತು ಹುಡುಕುವ ಭರದಲ್ಲಿ ಇದು ಕಣ್ಣಿಗೆ ಬಿದ್ದಿರಲಿಲ್ಲ. ಹಣೆಯ ಚುಕ್ಕಿ ದೇವರು ಹಾಕಿದ್ದೇ ಎಂದು ತಿಳಿದುಕೊಳ್ಳಲು ಹೇಳಿದ್ದೀಯ. ಭೀಮು, ಆ ಚುಕ್ಕಿ ಈಗ ಎಲ್ಲಿದೆ? ಅಲ್ಲಿ ಕೆಂಪು ಚರ್ಮ ಇದೆ. ಕೈ ಉಳಿಸಲು ಹೋಗಿ ಹಣೆಯ ಮಾತು ಮರೆತೆಯಾ? ಇದನ್ನು ಓದಿ ಹೇಳಿದ್ದರೆ, ದೇವರು ಒತ್ತಿದ ಮುದ್ರೆಯನ್ನು ತನ್ನ ಕೈಯಾರೆ ತಿಕ್ಕಿ ತೆಗೆದೆ ಎಂದು ಅವಳು ಉಳಿದ ದಿನವೆಲ್ಲ ನರಳುತ್ತಿದ್ದಳು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅಂಜಿಕೆಯಾಯಿತು. ನಾವಿಬ್ಬರೂ ಆ ಪುಸ್ತಕದಿಂದ ಏನು ಎತ್ತಿಕೊಟ್ಟರೂ ಅದು ಹೋಗಿ ಅವ್ವನಿಗೇ ತಗಲುತ್ತಿದೆ. ಅದು ಸ್ಪಷ್ಟವಾಗಿದೆ ಎಂದು ನಾನು, ಇಲ್ಲ ಎಂದು ನೀನು. ಜಗಳ ನಮ್ಮದು, ಸುಟ್ಟದ್ದು ಅವಳ ಹಣೆ.

ನಾನು ಸಭೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಭಾಗ್ಯಾ ಏಳುತ್ತಾಳೆ ಎಂದೇ ನಂಬಿದ್ದೇನೆ. ಆದರೆ ಯಾರಿಗೆ ಪಾಲಿದೆ, ಯಾರಿಗಿಲ್ಲ ಎಂದು ಬಾಯಿ ಬಿಡುವ ಧೈರ್ಯ ಇನ್ನು ನನಗಿಲ್ಲ.

ಒಳಗೆ ಬಂದೆ. ಕೈಯಲ್ಲಿ ಕಾಗದ ನೋಡಿದಳು.

"ಏನ ಬರದಾನ?"

ನಾನು ಕಾಗದ ಮಡಚಿ ಹಿಡಿದುಕೊಂಡು, "ಅದು ಆ ಗುರುತಲ್ಲಂತ ಅವ್ವಾ. ಪುಸ್ತಕ ಪೂರಾ ಓದ್ಯಾನಂತ. ಚೇಷ್ಟಿ ಮಾಡಿದ್ದು ತಪ್ಪಾತು ಅಂದಾನ" ಎಂದೆ.

"ಓದಿ ಹೇಳು."

"ನಾ ಹೇಳಿದ್ದs ಅದ. ನಾನೂ ತಪ್ಪು ಹೇಳೀನಿ ಅವ್ವಾ. ಗೊತ್ತಿಲ್ಲದs ಗೊತ್ತದ ಅಂತ ಕುಣದೆ."

ಅವಳು ಬಲಗೈ ತೊಡೆಯ ಮೇಲಿಟ್ಟುಕೊಂಡು ನೋಡಿದಳು. "ಕೈದೂ ಅಲ್ಲೇನು?" ಅಲ್ಲ ಅಂದೆ. "ಹಣೀದೂ ಅಲ್ಲೇನು?" ಅಲ್ಲ ಅಂದೆ. "ಭೀಮು ಖರೇ ಹಂಗ ಬರದಾನ?" ಖರೇ ಅಂದೆ. ಆಗ ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು. ನಾನು ಅದನ್ನು ಒಯ್ದು ಗಟಾರಿಗೆ ಸುರಿದು ಬಂದೆ. ಕೈ ಉಳಿಯಿತು ತಮ್ಮಾ. ಅಷ್ಟು ಹೇಳಲು ಈ ಕಾಗದ ಬರೆಯುತ್ತಿದ್ದೇನೆ, ಆದರೆ ಅಷ್ಟಕ್ಕೇ ನಿಲ್ಲಿಸಲು ಆಗುತ್ತಿಲ್ಲ.

ನಾನು ತಿರುಗಿ ಬಂದಾಗ ಅವಳು ಹಾಗೇ ಕೂತಿದ್ದಳು. ಹಣೆಯ ಬಟ್ಟೆ ಬಿಚ್ಚಿಟ್ಟಿದ್ದಳು. ನನ್ನನ್ನು ಕೇಳಿದಳು, "ಹಾಂಗಾದ್ರ ನಾ ಯಾಕ ಸುಟಗೊಂಡ್ನೆ?"

ಇವತ್ತು ಬೆಳಿಗ್ಗೆಯೂ ಅದನ್ನೇ ಕೇಳಿದಳು, ಮಧ್ಯಾಹ್ನ ಉಣ್ಣುವಾಗಲೂ ಕೇಳಿದಳು. ನಿನ್ನ ಹತ್ತಿರ ಉತ್ತರವಿದ್ದರೆ ಕಾಗದದಲ್ಲಿ ಬರೆಯಬೇಡ, ನಾನು ಓದುವುದಿಲ್ಲ. ಬಂದು ಅವಳ ಮುಖ ನೋಡಿ ಹೇಳು.

ನಿನ್ನ ಅಕ್ಕ,
ಪರಿಮಳಾ